ತಖ್ತೆಯ ಹಿಂಬದಿ ನೋಡಿದವರು

ಯಾವ ಕಾಗದ ಕೈಗೆ ಬಂದರೂ ಅವರು ಮೊದಲು ಅದರ ಹಿಂಬದಿ ನೋಡುತ್ತಿದ್ದರು. ಮದುವೆಯ ಆಮಂತ್ರಣವಿರಲಿ, ಸರ್ಕಾರದ ಸುತ್ತೋಲೆಯಿರಲಿ, ಒಮ್ಮೆ ತಿರುವಿ ಬೆನ್ನು ನೋಡುವುದು, ಆಮೇಲೆ ಮುಖ. ನಮ್ಮ ಕಚೇರಿಗೆ ಬಂದ ಮೊದಲ ದಿನ ನಾನು ಕೊಟ್ಟ ಮಾಸಿಕ ತಖ್ತೆಯನ್ನೂ, ಅಂದರೆ ಅಂಕಿಗಳ ಪಟ್ಟಿಯನ್ನೂ, ಹೀಗೇ ತಿರುವಿದರು.

"ಹಿಂದ ಏನೂ ಬರ್ದಿಲ್ಲಲ್ಲ, ತಂಗಿ?" ಎಂದರು.

"ಹಿಂದ ಬರಿಯಾಕ ಏನಿರತೈತ್ರಿ ಮೇಡಂ?"

"ಅದನ್ನ ನಾ ನಿನ್ನ ಕೇಳಾಕತ್ತೀನಿ."

ಈ ಮಾತುಕತೆ ನನಗೆ ನಿನ್ನೆ ನಡೆದಷ್ಟು ಸ್ಪಷ್ಟವಾಗಿ ನೆನಪಿದೆ. ಆದರೆ ದಿನಚರಿಯಲ್ಲಿ ಇಲ್ಲ. ಆ ದಿನದ ಪುಟದಲ್ಲಿರುವುದು ಇಷ್ಟು: "ಹೊಸ ಸಾಂಖ್ಯಿಕ ನಿರೀಕ್ಷಕರು ಬಂದರು. ಫ್ಯಾನ್ ಇನ್ನೂ ರಿಪೇರಿ ಆಗಿಲ್ಲ." ಮುಂದೆ ನಡೆದದ್ದನ್ನೆಲ್ಲ ತಿಳಿದ ಮೇಲೆ ನನ್ನ ಮನಸ್ಸೇ ಈ ಸಂಭಾಷಣೆಯನ್ನು ಹೊಲಿದು ಆ ದಿನಕ್ಕೆ ತೊಡಿಸಿರಬಹುದು. ಹಾಗಾಗಿ ಈ ಬರಹದಲ್ಲಿ ಯಾವುದು ನೆನಪು, ಯಾವುದು ದಿನಚರಿ ಎಂದು ಹೇಳುತ್ತಾ ಹೋಗುತ್ತೇನೆ. ಕಣ್ಣಿಂದ ನೋಡಿದ್ದನ್ನೂ ಯಾರೋ ಹೇಳಿದ್ದನ್ನೂ ಒಂದೇ ಕಾಲಮಿನಲ್ಲಿ ತುರುಕಬಾರದು ಎಂಬುದನ್ನಾದರೂ ಅವರಿಂದ ಕಲಿತಿದ್ದೇನೆ.

ಕಳೆದ ತಿಂಗಳು ಅವರು ನಿವೃತ್ತರಾದರು. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಒಂದು ಷರತ್ತು ಹಾಕಿದರು. "ಬರಿ, ಬ್ಯಾಡ ಅನ್ನಂಗಿಲ್ಲ. ಹೆಸರು ಮಾತ್ರ ಹಾಕಬ್ಯಾಡ. ಇಷ್ಟು ವರ್ಷ ಯಾರ ಹೆಸರನ್ನೂ ತಖ್ತೆದಾಗ ಹಾಕಿಲ್ಲ, ನಂದ್ಯಾಕ?" ಆದ್ದರಿಂದ ಇಲ್ಲಿ ಅವರು ಬರೀ ಮೇಡಂ. ನಮ್ಮ ಕಚೇರಿಯ ಹೆಸರೂ ಬೇಡ. ಬಳ್ಳಾರಿಯಲ್ಲಿದೆ, ಕಿಟಕಿಯಿಂದ ಕೋಟೆ ಗುಡ್ಡದ ಅರ್ಧ ಕಾಣುತ್ತದೆ, ಅಷ್ಟು ಸಾಕು.

ನಾನು ಅಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಓದುವಾಗ ಬರೆದ ಕಿರುಪ್ರಬಂಧ ಇಂದಿನ ಕಾಲದ ಜೀತದ ಬಗ್ಗೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಕೆಲಸ ಸಿಕ್ಕಿದ್ದೂ ಅದೇ ವಿಷಯದಲ್ಲಿ ಎಂದು ಮನೆಯಲ್ಲಿ ಹೇಳಿಕೊಂಡು ಓಡಾಡಿದ್ದೆ. ತಾಲ್ಲೂಕುಗಳಿಂದ ತಿಂಗಳಿಗೊಂದು ತಖ್ತೆ ಬರುತ್ತಿತ್ತು. ಮಾನವ ಕಳ್ಳಸಾಗಣೆಗೆ ಸಿಕ್ಕವರೆಷ್ಟು, ಬಿಡಿಸಿಕೊಂಡು ಬಂದವರೆಷ್ಟು, ಆಸರೆ ಪಡೆದವರೆಷ್ಟು, ದಾಖಲಾದ ಪ್ರಕರಣವೆಷ್ಟು, ಶಿಕ್ಷೆ ಎಷ್ಟು, ಕೊನೆಯಲ್ಲಿ ಷರಾ. ಅವನ್ನು ಕ್ರೋಢೀಕರಿಸಿ ನಾನು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಂದ ದೆಹಲಿಗೆ ಹೋಗಿ ಇಡೀ ದೇಶದ ತಖ್ತೆಯಾಗುತ್ತದೆ. ಈ ದೇಶ ಜೀತಕ್ಕೂ ಮನುಷ್ಯರ ಮಾರಾಟಕ್ಕೂ ಏನು ಮಾಡುತ್ತಿದೆ ಎಂದು ಯಾರಾದರೂ ಕೇಳಿದರೆ ತೋರಿಸುವ ತಖ್ತೆ ಅದು. ಅದರಲ್ಲಿ ನಮ್ಮ ಜಿಲ್ಲೆಗೆ ಒಂದು ಸಾಲು.

ಆ ಸಾಲು ತುಂಬುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇತ್ತು. ತಿಂಗಳ ಮೊದಲ ವಾರ ನಾನು ತಾಲ್ಲೂಕುಗಳ ಕೇಸ್ ವರ್ಕರ್‌ಗಳಿಗೆ ಫೋನ್ ಹಚ್ಚುತ್ತಿದ್ದೆ. ಸಿರುಗುಪ್ಪದ ಕೇಸ್ ವರ್ಕರ್ ಹಲೋ ಅನ್ನುವ ಮೊದಲೇ, "ಹೋದ ತಿಂಗಳದ್ದ ಹಾಕಿಬಿಡ್ರಿ ತಂಗಿ" ಅನ್ನುತ್ತಿದ್ದರು. ನಾನು ಹೋದ ತಿಂಗಳ ಹಾಳೆಯನ್ನು ಕಾಪಿ ಮಾಡಿ, ತಿಂಗಳ ಹೆಸರು ಬದಲಿಸಿ, ಸಾಹೇಬರ ಸಹಿಗೆ ಇಡುತ್ತಿದ್ದೆ. ಕಾಗದದ ತಖ್ತೆ ಆಮೇಲೆ ಯಾವಾಗಲೋ ಟಪಾಲಿನಲ್ಲಿ ಬರುತ್ತಿತ್ತು. ಅದರ ಮೇಲೆ "ನಮೂದಿಸಲಾಗಿದೆ" ಎಂದು ಬರೆದು ಫೈಲಿಗೆ ಹಾಕುತ್ತಿದ್ದೆ. ಎಲ್ಲ ಕಾಲಮಿನಲ್ಲೂ ಒಂದೇ ಪದ: ನಿರಂಕ, ಅಂದರೆ ಸೊನ್ನೆ. ಜೀತದ ಬಗ್ಗೆ ಪ್ರಬಂಧ ಬರೆದವಳಿಗೆ ಇದು ಅನುಮಾನ ಹುಟ್ಟಿಸಲಿಲ್ಲವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಹುಟ್ಟಿಸಲಿಲ್ಲ. ಪ್ರಬಂಧದಲ್ಲಿದ್ದ ಜೀತಕ್ಕೂ ತಖ್ತೆಯಲ್ಲಿದ್ದ ಸೊನ್ನೆಗೂ ನನ್ನ ತಲೆಯಲ್ಲಿ ಪರಿಚಯವೇ ಇರಲಿಲ್ಲ.

ಮೇಡಂ ಬಂದ ವಾರವೇ ನನ್ನ ಕಂಪ್ಯೂಟರಿನಲ್ಲಿದ್ದ ಮೂರು ವರ್ಷದ ಸೊನ್ನೆಗಳನ್ನು ಪ್ರಿಂಟ್ ತೆಗೆಸಿ ಮುಂದೆ ಹರವಿಕೊಂಡು ಕೂತರು.

"ಇಷ್ಟು ಸೊನ್ನಿ ಯಾರು ನೋಡಿ ಬಂದಾರ?"

ಸಾಹೇಬರು ನಕ್ಕರು. ಒಳ್ಳೆಯ ಮನುಷ್ಯ, ಗಲಾಟೆಗೆ ಅಂಜುವವರು. "ಸೊನ್ನಿ ಅಂದ್ರ ಒಳ್ಳೇದಲ್ರಿ ಮೇಡಂ? ನಮ್ಮ ಜಿಲ್ಲಾದಾಗ ಅಂಥಾದ್ದೇನೂ ಇಲ್ಲ ಅಂತ ಅರ್ಥ."

"ಸೊನ್ನಿ ಎರಡು ನಮೂನಿ ಅದಾವ್ರಿ ಸರ. ನೋಡಿ ಬರ್ದಿದ್ದು, ನೋಡದ ಬರ್ದಿದ್ದು. ಹಾಳಿ ಮ್ಯಾಲ ಎರಡೂ ದುಂಡಗ ಕಾಣತಾವು."

ಅಂದಿನಿಂದ ಕಚೇರಿಯಲ್ಲಿ ಅವರ ಹೆಸರು ಸೊನ್ನಿ ಮೇಡಂ ಆಯಿತು. ಅವರಿಗೆ ಗೊತ್ತಿತ್ತು. ಒಮ್ಮೆ ಟಪಾಲಿನವನು ಬಾಯಿ ತಪ್ಪಿ ಎದುರಿಗೇ ಅಂದುಬಿಟ್ಟ. "ಪೂರ್ತಿ ಅನ್ನಪ್ಪ, ಸೊನ್ನಿ ನೋಡೋ ಮೇಡಂ ಅಂತ" ಎಂದು ತಿದ್ದಿ ಪತ್ರ ತೆಗೆದುಕೊಂಡರು. ತೆಗೆದುಕೊಂಡು ತಿರುವಿದರು.

ದಿನಾ ಸಿರುಗುಪ್ಪದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಕೈಯಲ್ಲಿ ಹಸಿರು ವೈರ್ ಬುಟ್ಟಿ, ಅದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಒಂದು ಅಡಿಪಟ್ಟಿ, ಎರಡು ಪೆನ್ಸಿಲ್. ಬಸ್ ಹತ್ತಿದರೆ ಅಭ್ಯಾಸಬಲದಿಂದ ತಲೆ ಎಣಿಸುತ್ತಿದ್ದರು. ತೆಕ್ಕಲಕೋಟೆ ದಾಟಿದ ಮೇಲೆ ಕಂಡಕ್ಟರು ತಾವಾಗಿಯೇ ಬಂದು, "ಎಷ್ಟಾದ್ರು ಮೇಡಂ?" ಎಂದು ಕೇಳಿ ತಮ್ಮ ಲೆಕ್ಕದೊಂದಿಗೆ ತಾಳೆ ನೋಡುತ್ತಿದ್ದರಂತೆ. ಮೇಡಂ ಕೂಡ ಒಮ್ಮೊಮ್ಮೆ ತಪ್ಪುತ್ತಿದ್ದರು. ತಪ್ಪಿದ ದಿನ ಕಚೇರಿಗೆ ಬಂದ ಮೇಲೂ ಮುಖ ಸಣ್ಣಗಿರುತ್ತಿತ್ತು. ಕಂಪ್ಯೂಟರ್ ಅವರಿಗೆ ಒಗ್ಗಲಿಲ್ಲ. ಒಂದೇ ಬೆರಳಿನಿಂದ, ಬೆಂಕಿ ಮುಟ್ಟುವವರಂತೆ ಕೀಲಿ ಒತ್ತುತ್ತಿದ್ದರು. "ಸುಮಾರು" ಎಂಬ ಪದ ಕೇಳಿದರೆ ಸಿಟ್ಟು ಬರುತ್ತಿತ್ತು. ಬೇರೆಯವರ ಡಬ್ಬಿಯ ಉಪ್ಪಿನಕಾಯಿಯನ್ನು ಕೇಳದೆ ತಿನ್ನುತ್ತಿದ್ದರು. ಸಿಟ್ಟು ಬಹಳ ಏರಿದಾಗ ತೆಲುಗಿನಲ್ಲಿ ಎರಡು ಮಾತು ಆಡಿ ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ಇವೆಲ್ಲ ದಿನಚರಿಯಲ್ಲಿ ಅಲ್ಲಲ್ಲಿ ಇವೆ. ಉಪ್ಪಿನಕಾಯಿ ಮೂರು ಸಲ ಇದೆ.

ಆ ವರ್ಷದ ಕೊನೆಯಲ್ಲಿ ಬೆಂಗಳೂರಿನಿಂದ ಒಂದು ಪತ್ರ ಬಂತು. ಬಳ್ಳಾರಿಯಲ್ಲಿ ಹತ್ತು ಹಾಸಿಗೆಯ ಒಂದು ಆಸರೆ ಮನೆ ಇತ್ತು. ಮಾರಾಟವಾಗಿ, ಮೋಸಹೋಗಿ, ಹೇಗೋ ತಪ್ಪಿಸಿಕೊಂಡು ಬಂದ ಹೆಂಗಸರಿಗಾಗಿ ಮಾಡಿದ್ದು. ನಿಮ್ಮ ಜಿಲ್ಲೆಯಿಂದ ಮೂರು ವರ್ಷ ಸತತವಾಗಿ ನಿರಂಕ ವರದಿ ಬಂದಿದೆ, ಆದ್ದರಿಂದ ಈ ಮನೆಯ ಅಗತ್ಯ ಕಾಣುವುದಿಲ್ಲ, ಮುಂದಿನ ವರದಿ ನೋಡಿ ಮುಚ್ಚುವ ತೀರ್ಮಾನ ಮಾಡಲಾಗುವುದು ಎಂದು ಪತ್ರದಲ್ಲಿತ್ತು. ಮೇಡಂ ಅದನ್ನೂ ತಿರುವಿ ನೋಡಿ ಮೇಜಿನ ಮೇಲಿಟ್ಟರು.

"ಆ ಮನ್ಯಾಗ ಈಗ ಯಾರರ ಅದಾರೇನು?"

"ಅದಾರ್ರಿ. ಐದಾರು ಮಂದಿ."

"ಮತ್ತ ನಮ್ಮ ತಖ್ತೆದಾಗ ಸೊನ್ನಿ ಐತಿ."

ಆಸರೆ ಮನೆ ನಮ್ಮ ಕಚೇರಿಯಿಂದ ಕಾಲು ಗಂಟೆಯ ನಡಿಗೆ. ಆ ಮಧ್ಯಾಹ್ನವೇ ಹೋದೆವು. ಅಲ್ಲಿ ಹುಲಿಗೆಮ್ಮ ಸಿಕ್ಕಳು. ಇದು ಅವಳ ಹೆಸರಲ್ಲ, ನಾನು ಇಟ್ಟದ್ದು. ಇಪ್ಪತ್ತರ ಹತ್ತಿರದ ಹುಡುಗಿ, ಕುರುಗೋಡು ಕಡೆಯವಳು. ಹೊಲಿಗೆ ಕಲಿಸಿ ಕೆಲಸ ಕೊಡಿಸುತ್ತೇನೆ ಎಂದು ಅವರದೇ ಓಣಿಯ ಹೆಂಗಸೊಬ್ಬಳು ಅವಳನ್ನು ಹೊರರಾಜ್ಯದ ನೂಲಿನ ಗಿರಣಿಗೆ ಮುಟ್ಟಿಸಿದ್ದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಗಿರಣಿಯ ಹಾಸ್ಟೆಲಿನಲ್ಲೇ ಕೂಡಿಹಾಕಿದ್ದರು. ಆಸ್ಪತ್ರೆಗೆ ಕರೆದೊಯ್ದ ದಿನ ತಪ್ಪಿಸಿಕೊಂಡು ರೈಲು ಹತ್ತಿ ಬಂದವಳು. ಊರಿಗೆ ಹೋಗುವಂತಿಲ್ಲ, ಕಳಿಸಿದ ಹೆಂಗಸು ಮನೆಯೆದುರೇ ಇದ್ದು, ಬಾಯಿ ಬಿಟ್ಟರೆ ನೋಡು ಎಂದು ಹೆದರಿಸಿದ್ದಳು. ಆಸರೆ ಮನೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಕೌಟುಂಬಿಕ ಸಮಸ್ಯೆ" ಎಂದು ಬರೆದಿತ್ತು. ಅವಳು ಕಾಣೆಯಾಗಿದ್ದಾಳೆಂದು ಠಾಣೆಯಲ್ಲಿ ಕೊಟ್ಟಿದ್ದ ದೂರು, "ಸ್ವಇಚ್ಛೆಯಿಂದ ಕೆಲಸಕ್ಕೆ ಹೋಗಿದ್ದು, ಪತ್ತೆ" ಎಂಬ ಒಂದು ಸಾಲಿನೊಂದಿಗೆ ಮುಗಿದಿತ್ತು. ಹಾಸಿಗೆ ಮೇಲೆ ಹುಡುಗಿ ಇದ್ದಳು. ದೇಶದ ಲೆಕ್ಕದಲ್ಲಿ ಇರಲಿಲ್ಲ. ಮನೆ ಮುಚ್ಚಿದರೆ ಅವಳು ಹೋಗಬೇಕಾದದ್ದು ಅದೇ ಓಣಿಗೆ.

ನೀನು ಕಳ್ಳಸಾಗಣೆಗೆ ಸಿಕ್ಕಿದ್ದೆಯಾ ಎಂದು ಮೇಡಂ ಯಾರನ್ನೂ ಕೇಳುತ್ತಿರಲಿಲ್ಲ. "ಅದು ಕಾಲಮಿನ ಭಾಷಿ. ಹುಡುಗ್ಯಾರಿಗೆ ತಿಳಿಯಂಗಿಲ್ಲ, ತಿಳಿದ್ರ ನಾಚ್ಕೋತಾರ." ಅವರ ಪ್ರಶ್ನೆ ಮೂರೇ.

"ಗೇಟಿನ ಕೀಲಿ ಯಾರ ಹತ್ರ ಇರ್ತಿತ್ತವಾ?"

"ವಾರ್ಡನ್ ಹತ್ರ."

"ನಿನ್ನ ಆಧಾರ್ ಕಾರ್ಡು?"

"ಅಕಿ ಬೀರುದಾಗ. ಎಲ್ಲಾರ್ದೂ ಅಲ್ಲೇ."

"ಅವ್ವಗ ಫೋನ್ ಹಚ್ಚುವಾಗ ಬಾಜೂಕ ಯಾರ ನಿಲ್ತಿದ್ರು?"

ಹುಲಿಗೆಮ್ಮ ಕಿಟಕಿಯ ಕಡೆ ನೋಡಿದಳು. ಮೇಡಂ ಪೆನ್ಸಿಲ್ ಕೆಳಗಿಟ್ಟು, ಮನೆಯಲ್ಲಿ ಯಾವ ಚಟ್ನಿ ಮಾಡುತ್ತಾರೆ ಎಂದು ಮಾತು ಬದಲಿಸಿದರು.

ಮರುದಿನ ತಾಲ್ಲೂಕುಗಳಿಂದ ಬಂದ ಹಳೆಯ ತಖ್ತೆಗಳನ್ನು ಫೈಲಿನಿಂದ ಒಂದೊಂದೇ ತೆಗೆದು ಹಿಂಬದಿ ನೋಡಲು ಕೂತರು. ಮೂರು ವರ್ಷದವು. ನನಗೆ ಹುಚ್ಚುತನ ಅನ್ನಿಸಿತು. ಊಟದ ಹೊತ್ತಿಗೆ ನನ್ನನ್ನು ಕರೆದು ಒಂದು ಹಾಳೆಯನ್ನು ಬೋರಲು ಇಟ್ಟರು. ಕುರುಗೋಡಿನ ಕೇಸ್ ವರ್ಕರ್ ಕಳಿಸಿದ್ದು. ಮುಂದೆ ಎಲ್ಲ ನಿರಂಕ. ಹಿಂದೆ ಪೆನ್ಸಿಲಿನಲ್ಲಿ, ಅಂಜುತ್ತಾ ಬರೆದಂಥ ಸಣ್ಣ ಅಕ್ಷರ: "ಒಬ್ಬ ಹುಡುಗಿ. ನೂಲಿನ ಗಿರಣಿ. ಹೊರಗೆ ಬಿಡುವುದಿಲ್ಲವಂತೆ. ತಾಯಿ ಮೂರು ಸಲ ಬಂದರು. ಯಾವ ಕಾಲಮಿನಲ್ಲಿ ಹಾಕುವುದು, ದಯವಿಟ್ಟು ತಿಳಿಸಿ."

ಹಾಳೆ ತಿರುವಿದೆ. ಮುಂಬದಿಯ ಮೂಲೆಯಲ್ಲಿ "ನಮೂದಿಸಲಾಗಿದೆ" ಎಂದಿತ್ತು. ಅಕ್ಷರ ನನ್ನದು. ಅದು ನಾನು ಫೋನಿನಲ್ಲಿ ಸೊನ್ನೆ ಕೇಳಿ, ಕಾಪಿ ಮಾಡಿ ಕಳಿಸಿದ ಮೇಲೆ ಬಂದ ಹಾಳೆ. ತಾರೀಖು ನೋಡಿದೆ. ಆ ಹಾಳೆ ಬಂದಾಗ ಹುಲಿಗೆಮ್ಮ ಗಿರಣಿಯೊಳಗೇ ಇದ್ದಳು. ಅಲ್ಲಿಂದ ಇನ್ನೂ ಎಂಟು ತಿಂಗಳು ಇದ್ದಳು.

ಈ ಘಟನೆಯನ್ನು ನಾನು ಗೆಳತಿಯರಿಗೆ ಹೇಳುವಾಗ, ಸ್ಕ್ಯಾನರ್ ಹಾಳೆಯ ಒಂದೇ ಬದಿ ಓದುತ್ತಿತ್ತು, ಹಾಗಾಗಿ ತಪ್ಪಿತು ಎಂದು ಹೇಳುತ್ತಿದ್ದೆ. ಹೇಳಿ ಹೇಳಿ ನಂಬಿಯೂ ಇದ್ದೆ. ಈ ಬರಹಕ್ಕಾಗಿ ದಿನಚರಿ ತೆರೆದಾಗ ಆ ದಿನದ ಪುಟದಲ್ಲಿ ಎರಡೇ ಪದ ಸಿಕ್ಕವು: "ನಾನು ತಿರುವಲಿಲ್ಲ." ಆಗ ನಮ್ಮ ಕಚೇರಿಯಲ್ಲಿ ಸ್ಕ್ಯಾನರ್ ಇರಲೇ ಇಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬುಟ್ಟಿ ತಗೊ, ಕುರುಗೋಡಿಗೆ ಹೋಗಿ ಬರೋಣು" ಎಂದರು.

ಬಸ್ಸಿನಲ್ಲಿ ಕಂಡಕ್ಟರು ನಮಗಿಬ್ಬರಿಗೂ ಹೆಂಗಸರ ಸೊನ್ನೆ ದರದ ಟಿಕೆಟ್ ಹರಿದು ಕೊಟ್ಟರು. ಮೇಡಂ ತಮ್ಮದನ್ನು ತಿರುವಿ ನೋಡಿ ನನ್ನ ಕೈಗಿಟ್ಟರು. "ನೋಡು, ಇದೂ ಸೊನ್ನಿನ. ಆದ್ರ ಆತ ನಿನ್ನ ಮಾರಿ ನೋಡಿ, ಕಾರ್ಡು ನೋಡಿ, ಎಲ್ಲಿಗೆ ಅಂತ ಕೇಳಿ ಕೊಟ್ಟ. ಇದು ನೋಡಿ ಬರ್ದ ಸೊನ್ನಿ." ಆ ಟಿಕೆಟ್ ಇನ್ನೂ ನನ್ನ ದಿನಚರಿಯಲ್ಲಿದೆ. ಅಕ್ಷರ ಮಾಸಿ ಹೋಗಿದೆ.

ಕುರುಗೋಡು ಗುಡ್ಡದ ಬದಿಯ ಓಣಿಯಲ್ಲಿ ಹುಲಿಗೆಮ್ಮನ ತಾಯಿ ಬಾಗಿಲ ಮುಂದೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದರು. ಕಚೇರಿಯವರು ಎಂದ ಕೂಡಲೇ ಎದ್ದು ಒಳಗೆ ಹೋಗುವವರಿದ್ದರು. ಮೇಡಂ ಅಲ್ಲೇ ಕೂತು ತಾವೂ ತೊಟ್ಟು ಮುರಿಯತೊಡಗಿದರು.

"ನಿಮ್ಮ ಮಗಳು ತಾನ ಹೋಗ್ಯಾಳ ಅಂತ ಠಾಣ್ಯಾಗ ಬರ್ದಾರಲ್ಲಕ್ಕ" ಎಂದರು ಮೇಡಂ.

ತಾಯಿ ತಲೆ ಎತ್ತಿದರು. "ತಾನ ಹೋಗ್ಯಾಳ, ಖರೇನ. ತಾನ ಬರಾಕ ಬಿಟ್ರೇನು? ಅದನ್ನ ಯಾರ ಕೇಳ್ಯಾರ?"

ಮೇಡಂ ತೊಟ್ಟು ಮುರಿಯುವುದನ್ನು ನಿಲ್ಲಿಸಿದರು. ಖಾರದ ಕೈಯನ್ನು ಸೆರಗಿಗೆ ಒರೆಸಿ, ಬುಟ್ಟಿಯಿಂದ ಪೆನ್ಸಿಲ್ ತೆಗೆದು ಆ ಮಾತನ್ನು ಹಾಗೆಯೇ ಬರೆದುಕೊಂಡರು. ಇದು ಮೇಡಂ ಅವರದೇ ಮಾತು ಎಂದು ನಮ್ಮ ಇಲಾಖೆಯಲ್ಲಿ ಪ್ರಸಿದ್ಧ. ತರಬೇತಿಗಳಲ್ಲಿ ಹೇಳುತ್ತಾರೆ, ನಾನೂ ಎಷ್ಟೋ ಸಲ ಅವರ ಹೆಸರಿನಲ್ಲೇ ಹೇಳಿದ್ದೇನೆ. ದಿನಚರಿ ನೋಡಿದ ಮೇಲೆ ತಿದ್ದುತ್ತಿದ್ದೇನೆ: ಮಾತು ಆ ತಾಯಿಯದು. ನಿಜ ಹೇಳಬೇಕೆಂದರೆ ಮೇಡಂ ಪ್ರತಿ ಸಲವೂ "ಅದು ನಂದಲ್ಲ" ಎನ್ನುತ್ತಿದ್ದರು. ನಾವು ಅದನ್ನು ವಿನಯ ಅಂದುಕೊಂಡಿದ್ದೆವು.

ಮುಂದಿನ ಎರಡು ವಾರ ಅದೇ ಕೆಲಸ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು. "ಕಾಣೆ, ಪತ್ತೆ" ಎಂದು ಮುಗಿದ ಹಳೆಯ ಫೈಲು, ಅದರ ಹಿಂದೆ ಒಂದು ಮನೆ, ಆ ಮನೆಯಲ್ಲಿ ಮೂರು ಪ್ರಶ್ನೆ. ಎಲ್ಲ ಕಡೆಯೂ ಉತ್ತರ ಗಿರಣಿಯಾಗಿರಲಿಲ್ಲ. ಕೆಲವರು ನಿಜವಾಗಿಯೂ ಮದುವೆಯಾಗಿ ಸುಖವಾಗಿದ್ದರು, ಚಹಾ ಕೊಟ್ಟು ಕಳಿಸಿದರು. ಮೇಡಂ ಅವರಿಗೆ ಅದೂ ಖುಷಿಯೇ. ಆದರೆ ನಾಲ್ಕಾರು ಮನೆಗಳಲ್ಲಿ ಮಗಳು ಬಂದಿರಲೇ ಇಲ್ಲ. ಫೋನ್ ಬರುತ್ತಿತ್ತು, ಅಷ್ಟೇ. ಹಿಂದೆ ಯಾರೋ ನಿಂತ ಹಾಗೆ ಕೇಳಿಸುತ್ತಿತ್ತಂತೆ. ಗಿರಣಿಯ ಊರಿನ ಹೆಸರು ಎಲ್ಲರ ಬಾಯಲ್ಲೂ ಒಂದೇ.

ಸಿರುಗುಪ್ಪದ ಕೇಸ್ ವರ್ಕರನ್ನು ಆಗಲೇ ನಾನು ಮೊದಲ ಬಾರಿ ಮುಖತಃ ನೋಡಿದ್ದು. ಮೇಡಂ ಅವರ ಊರಿನವರೇ, ಸ್ವಲ್ಪ ಸಲಿಗೆ. "ಅಲ್ಲಕ್ಕ, ಇನ್ನೇನು ರಿಟೈರ್ ಆಗೋ ವಯಸ್ಸಿಗೆ ಈ ಬಿಸಿಲಾಗ ಸೊನ್ನಿ ಹಿಂದ ಬಿದ್ದೀರಲ್ಲ" ಎಂದು ನಕ್ಕರು.

"ನೀ ಕುಂತಲ್ಲೇ ಬರ್ದಿದ್ದಕ್ಕ ನಾ ತಿರುಗಾಕತ್ತೀನಿ. ಏಳಪ್ಪ, ನೀನೂ ಬಾ."

ಅವರು ಬಂದರು. ಎರಡನೆಯ ಮನೆಯಿಂದ ಹೊರಬಂದ ಮೇಲೆ ನಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಮೇಡಂ ಅವರ ಬುಟ್ಟಿಯನ್ನು ತಾವೇ ಹಿಡಿದುಕೊಂಡು ನಡೆದರು.

ಆದರೆ ಇಷ್ಟರಿಂದ ಸಾಲು ತುಂಬುವುದಿಲ್ಲ. ತಖ್ತೆಯಲ್ಲಿ ಅಂಕಿ ಹಾಕಬೇಕಾದರೆ ಠಾಣೆಯಲ್ಲಿ ಪ್ರಕರಣ ದಾಖಲಾಗಬೇಕು. ದಾಖಲಾಗಬೇಕಾದರೆ ಗಿರಣಿಯ ಒಳಗಿದ್ದು ಬಂದವರೊಬ್ಬರು ಹೇಳಿಕೆ ಕೊಡಬೇಕು. ಹಾಗೆ ಬಂದವಳು ಒಬ್ಬಳೇ, ಹುಲಿಗೆಮ್ಮ. ವರದಿ ಹೋಗಲು ನಾಲ್ಕು ದಿನ ಉಳಿದಿತ್ತು.

ಅವಳು ಒಲ್ಲೆ ಎಂದಳು. ಊರಿಗೆಲ್ಲ ಗೊತ್ತಾಗುತ್ತದೆ, ತಂಗಿಯ ಮದುವೆಯ ಮಾತು ನಡೆದಿದೆ. ಆಸರೆ ಮನೆಯ ಮೇಲ್ವಿಚಾರಕರು ಒತ್ತಾಯ ಮಾಡಲು ಹೋದರೆ ಮೇಡಂ ತಡೆದರು. "ಬ್ಯಾಡ ಬಿಡ್ರಿ. ಅಕಿ ಮಾತು ಅಕಿದು. ಎಳೆದು ತಂದ್ರ ನಮಗೂ ಆ ವಾರ್ಡನ್‌ಗೂ ಏನ್ ಫರಕ?"

ನನಗೆ ಸಿಟ್ಟು ಬಂದಿತ್ತು, ಮೇಡಂ ಮೇಲೆಯೇ. ಇಷ್ಟು ಓಡಾಡಿ ಈಗ ಕೈಬಿಡುವುದೇ? ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ, ಎರಡು ಸಲ ಅಡಿಗೆರೆ ಎಳೆದು. ಆ ಸಿಟ್ಟಿನಲ್ಲೋ, ಮನಸ್ಸಿನ ಭಾರ ತಾಳದೆಯೋ, ಮರುದಿನ ಒಬ್ಬಳೇ ಆಸರೆ ಮನೆಗೆ ಹೋಗಿ ಹುಲಿಗೆಮ್ಮನ ಮುಂದೆ ಆ ಕುರುಗೋಡಿನ ಹಾಳೆಯನ್ನು ಇಟ್ಟೆ. ಮೊದಲು ಹಿಂಬದಿ, ಆಮೇಲೆ ಮುಂಬದಿ. "ಇದು ನನ್ನ ಅಕ್ಷರ. ನಾ ತಿರುವಿ ನೋಡಲಿಲ್ಲ" ಎಂದೆ. ಅವಳ ಮೇಲೆ ಒತ್ತಡ ಹಾಕುವುದಕ್ಕೇ ಇದನ್ನು ಹೇಳಿದೆನೇ? ಆಗಲೂ ಕೇಳಿಕೊಂಡಿದ್ದೆ, ಈಗಲೂ ಕೇಳಿಕೊಳ್ಳುತ್ತೇನೆ.

ಅವಳು ಪೆನ್ಸಿಲಿನ ಸಾಲುಗಳ ಮೇಲೆ ಬೆರಳಿಟ್ಟು ಓದಿದಳು.

"ಅವ್ವ ಮೂರು ಸಲ ಹೋಗಿದ್ಲಾ?"

"ಹೂಂ."

"ನನಗ ಹೇಳೇ ಇಲ್ಲ." ಹಾಳೆಯನ್ನು ಮತ್ತೆ ತಿರುವಿ, "ನೀವು ಆವತ್ತು ತಿರುವಿ ನೋಡಿದ್ರ ಏನ್ ಮಾಡ್ತಿದ್ರಿ ಅಕ್ಕ?"

"ಗೊತ್ತಿಲ್ಲ."

"ಈಗ ನೋಡೀರಲ್ಲ. ಈಗ ಏನ್ ಮಾಡ್ತೀರಿ?"

ನಾನು ಹಾಳೆ ತೆಗೆದುಕೊಂಡು ಬಂದೆ.

ವರದಿ ಕಳಿಸುವ ದಿನ ಬೆಳಿಗ್ಗೆ ಕಚೇರಿಯ ಮುಂದೆ ಒಂದು ಆಟೋ ನಿಂತಿತು. ಹುಲಿಗೆಮ್ಮ, ಅವಳ ತಾಯಿ. ತಾಯಿ ಹೊಸ ಸೀರೆ ಉಟ್ಟಿದ್ದರು ಎಂದು ನನಗೆ ನೆನಪು. ಮೇಡಂ ಪ್ರಕಾರ ಹಳೆಯದೇ.

"ನಾ ಹೇಳಿದ್ರ ಆ ಮನಿ ಉಳಿತೈತೇನ್ರಿ?" ಹುಲಿಗೆಮ್ಮ ನಿಂತೇ ಕೇಳಿದಳು.

"ಉಳಿಬೌದು. ಉಳಿತೈತಿ ಅಂತ ಸುಳ್ಳ ಹೇಳಂಗಿಲ್ಲ" ಎಂದರು ಮೇಡಂ.

"ಗಿರಣ್ಯಾಗ ಇನ್ನೂ ನಮ್ಮ ಕಡಿ ಹುಡುಗ್ಯಾರು ಅದಾರ. ಅವ್ರನ್ನೂ ಬರಕೋರಿ."

"ನೋಡದ ಬರಿಯಾಕ ಬರಂಗಿಲ್ಲವಾ. ಆದ್ರ ನೀ ಹೇಳಿಕಿ ಕೊಟ್ರ ಪೊಲೀಸ್ರು ಅಲ್ಲಿಗೆ ನೋಡಾಕ ಹೋಗಲೇಬೇಕಾಗತೈತಿ."

ಹುಲಿಗೆಮ್ಮ ತಾಯಿಯ ಕಡೆ ನೋಡಿದಳು. ತಾಯಿ, "ನನ್ನ ಮಾರಿ ಏನ್ ನೋಡ್ತಿ? ನಾ ಮೂರು ಸಲ ಹೋಗಿ ಬಂದೀನಿ. ಈಗ ನಿನ್ನ ಪಾಳಿ, ನಡಿ" ಎಂದರು.

ಠಾಣೆಯಿಂದ ಪ್ರಕರಣದ ಸಂಖ್ಯೆ ಬಂದಾಗ ಸಂಜೆ ಐದಾಗಿತ್ತು. ಸಾಹೇಬರು ತಖ್ತೆ ಹಿಡಿದು ಕೂತಿದ್ದರು. "ಮೂರು ವರ್ಷ ಸೊನ್ನಿ ಕಳ್ಸಿ ಈಗ ಒಮ್ಮಿಂದೊಮ್ಮೆಲೆ ಒಂದು ಅಂತ ಕಳ್ಸಿದ್ರ ಮ್ಯಾಗಿನವ್ರು ಏನಂತಾರ ಮೇಡಂ? ಜಿಲ್ಲಾದಾಗ ಇದು ಈಗ ಸುರು ಆತು ಅಂತಾರ."

"ನೋಡಾಕ ಈಗ ಸುರು ಮಾಡೀವಿ ಅಂತ ಷರಾದಾಗ ಬರಿಯೋಣ್ರಿ ಸರ."

ಸಾಹೇಬರು ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಮತ್ತೆ ತೆಗೆದರು. ಆಮೇಲೆ ಷರಾ ಕಾಲಮಿನಲ್ಲಿ ಆ ಸಾಲನ್ನು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು. ಅವರ ಬಗ್ಗೆ ನಾನು ಏನೇನೋ ಬರೆದಿಟ್ಟಿದ್ದೆ. ಆ ಸಹಿಯ ಮುಂದೆ ಅವೆಲ್ಲ ಸಣ್ಣವು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಬಳ್ಳಾರಿ ರೈಲ್ವೆ ನಿಲ್ದಾಣದಲ್ಲಿ ನಾವು ಕಾಯುತ್ತಿದ್ದೆವು. ನಾವು ಎಂದರೆ ಮೇಡಂ, ನಾನು, ಸಿರುಗುಪ್ಪದ ಕೇಸ್ ವರ್ಕರ್, ಹುಲಿಗೆಮ್ಮ, ಮತ್ತು ಸಿರುಗುಪ್ಪ, ಕುರುಗೋಡು ಎರಡೂ ತಾಲ್ಲೂಕುಗಳಿಂದ ಬಂದ ತಾಯಂದಿರು. ಪೊಲೀಸ್ ತಂಡ ಗಿರಣಿಗೆ ಹೋಗಿ ಬೀಗ ತೆಗೆಸಿತ್ತು. ರೈಲು ನಿಂತಿತು. ಹುಡುಗಿಯರು ಒಬ್ಬೊಬ್ಬರಾಗಿ ಇಳಿದರು. ಒಬ್ಬೊಬ್ಬರ ಕೈಯಲ್ಲೂ ಅವರವರ ಆಧಾರ್ ಕಾರ್ಡು. ಚೀಲದಲ್ಲಿಟ್ಟುಕೊಂಡಿರಲಿಲ್ಲ, ಕೈಯಲ್ಲೇ ಹಿಡಿದಿದ್ದರು. ಪ್ಲಾಟ್‌ಫಾರಂ ತುಂಬ ಅಳು, ನಗು, ಬೈಗುಳ. ಒಬ್ಬ ತಾಯಿ ಮಗಳನ್ನು ಅಪ್ಪಿಕೊಂಡು, "ಏನ್ ಸೊರಗೀಯಲೇ, ಎಮ್ಮಿ ಹಂಗ ಕಳ್ಸಿದ್ದೆ ನಿನ್ನ" ಎಂದು ಬೆನ್ನಿಗೆ ಗುದ್ದುತ್ತಿದ್ದರು. ನಾನು ಅಭ್ಯಾಸದಂತೆ ಪುಸ್ತಕ ತೆಗೆದೆ. ಮೇಡಂ ನನ್ನ ಕೈ ಹಿಡಿದರು.

"ಮೊದ್ಲ ಒಗ್ಗರಣಿ ಮಿರ್ಚಿ ತಿನ್ನಲಿ. ಆಮ್ಯಾಲ ಎಣಿಸೋಣು."

ಬಸ್ಸಿನಲ್ಲೂ ತಲೆ ಎಣಿಸುವ ಹೆಂಗಸು ಅಂದು ಎಣಿಸಲಿಲ್ಲ. ನಿಲ್ದಾಣದ ಹೊರಗಿನ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆಯೂ ಬಿಸಿ ಮಿರ್ಚಿಯೂ ಮುಗಿಯುವ ತನಕ ಎಲ್ಲರೂ ತಿಂದರು. ಹುಡುಗಿಯರ ಅಂಕಿ ಎಷ್ಟೆಂದು ನಾನು ಇಲ್ಲಿ ಬರೆಯುವುದಿಲ್ಲ. ಸಣ್ಣ ಊರಿನಲ್ಲಿ ಸಣ್ಣ ಅಂಕಿ ಹೇಳುವುದೆಂದರೆ ಹೆಸರು ಹೇಳಿದ ಹಾಗೆ ಎಂದು ಮೇಡಂ ಕಲಿಸಿದ್ದಾರೆ. ಅದು ತಖ್ತೆಯಲ್ಲಿದೆ. ಸೊನ್ನೆಯಲ್ಲ.

ಆಸರೆ ಮನೆ ಮುಚ್ಚಲಿಲ್ಲ. ಮುಂದುವರಿಸಲಾಗಿದೆ ಎಂಬ ಒಂದು ಸಾಲಿನ ಪತ್ರ ಬಂತು, ಕಾರಣ ಬರೆದಿರಲಿಲ್ಲ. ಹುಲಿಗೆಮ್ಮನನ್ನು ಕಳಿಸಿದ ಹೆಂಗಸಿನ ಮೇಲೆ ಮೊಕದ್ದಮೆ ನಡೆಯುತ್ತಿದೆ. ಅವಳು ಈಗ ಆ ಓಣಿಯಲ್ಲಿಲ್ಲ. ಹುಲಿಗೆಮ್ಮನ ತಂಗಿಯ ಮದುವೆಯೂ ನಿಲ್ಲಲಿಲ್ಲ. ಮುಂದೆ ದೆಹಲಿಯ ತಖ್ತೆ ಬಂದಾಗ ಮೇಡಂ ನಮ್ಮ ಜಿಲ್ಲೆಯ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಎಡದಿಂದ ಬಲಕ್ಕೆ ಒಂದೊಂದೇ ಕಾಲಂ ಓದಿದರು. ಸಿಕ್ಕವರು, ಬಿಡಿಸಿಕೊಂಡು ಬಂದವರು, ಆಸರೆ ಪಡೆದವರು. ಓದುತ್ತಾ ಅವರ ಕಣ್ಣಲ್ಲಿ ನೀರು ಬಂತು ಎಂದು ನಾನು ಬರೆಯುವವಳಿದ್ದೆ. ದಿನಚರಿ ಬೇರೆ ಹೇಳುತ್ತದೆ: "ನಾನು ಅತ್ತೆ. ಮೇಡಂ ನನ್ನ ಡಬ್ಬಿಯ ಉಪ್ಪಿನಕಾಯಿ ತಿಂದರು."

ಆಮೇಲೆ ಅವರು ಒಂದು ಹೊಸ ಪದ್ಧತಿ ತಂದರು. ಆದೇಶವೇನೂ ಇಲ್ಲ, ಅವರ ಹಟ ಅಷ್ಟೇ. ಯಾವ ತಾಲ್ಲೂಕು ಸೊನ್ನೆ ಕಳಿಸಿದರೂ ಹಾಳೆಯ ಹಿಂಬದಿಯಲ್ಲಿ ಬರೆಯಬೇಕು: ಈ ತಿಂಗಳು ಎಲ್ಲಿ ಹೋಗಿ ನೋಡಿದಿರಿ, ಯಾರನ್ನು ಕೇಳಿದಿರಿ. ಬರೆಯದಿದ್ದರೆ ಹಾಳೆ ವಾಪಸ್. ಮೊದಮೊದಲು ಬಹಳ ಗೊಣಗಿದರು. ಸಿರುಗುಪ್ಪದ ಕೇಸ್ ವರ್ಕರ್ ಒಮ್ಮೆ ಸಿಟ್ಟಿಗೆ "ಎಲ್ಲಾ ಕಡೆ ನೋಡಿದೆವು" ಎಂದು ಬರೆದು ಕಳಿಸಿದರು. ಮೇಡಂ ಅದರ ಕೆಳಗೆ "ಎಲ್ಲಾ ಕಡೆ ಅನ್ನುವ ಊರು ಯಾವ ಹೋಬಳಿಯಲ್ಲಿದೆ?" ಎಂದು ಬರೆದು ಹಿಂದಿರುಗಿಸಿದರು.

ಬೀಳ್ಕೊಡುಗೆಯ ದಿನ ಹುಲಿಗೆಮ್ಮ ಬಂದಿದ್ದಳು. ಈಗ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹೊಲಿಯುತ್ತಾಳೆ, ಹೊಸಬರಿಗೆ ಕಲಿಸುತ್ತಾಳೆ. ಜೀನ್ಸ್ ಬಟ್ಟೆಯಲ್ಲಿ ಮೇಡಂ ಅವರಿಗೊಂದು ಚೀಲ ಹೊಲಿದು ತಂದಿದ್ದಳು. ಮೇಡಂ ತೆಗೆದುಕೊಂಡು, ನಾವೆಲ್ಲ ನಿರೀಕ್ಷಿಸಿದಂತೆಯೇ, ಚೀಲವನ್ನು ಒಳಹೊರಗೆ ಮಾಡಿ ಹೊಲಿಗೆ ನೋಡಿದರು. ಸಭೆ ನಕ್ಕಿತು.

"ಹೆಂಗೈತ್ರಿ?" ಎಂದಳು ಹುಲಿಗೆಮ್ಮ.

"ಒಳಗೂ ಹೊರಗಿನಂಗ ಐತಿ. ಪಾಸ್."

ಭಾಷಣ ಮಾಡಲಿಲ್ಲ. ಐದೂವರೆಯ ಸಿರುಗುಪ್ಪ ಬಸ್ಸಿಗೆ ಹೊತ್ತಾಯಿತು ಎಂದು ಹಾರ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟರು.

ಈ ತಿಂಗಳ ಮೊದಲ ವಾರ, ಅವರಿಲ್ಲದ ಮೊದಲ ತಖ್ತೆ. ಅವರ ಕುರ್ಚಿ ಖಾಲಿಯಿತ್ತು. ನಾನು ಫೋನ್ ಹಚ್ಚುವ ಮೊದಲೇ ಸಿರುಗುಪ್ಪದಿಂದ ಫೋನ್ ಬಂತು.

"ಮೇಡಂ ಹೋದ್ರಲ್ರಿ. ಇನ್ನ ಮ್ಯಾಲೂ ಹಿಂದ ಬರೀಬೇಕೇನು?"

ಇಷ್ಟು ಬೇಗವೇ ಎಂದುಕೊಂಡೆ. ನನಗೆ ಅಧಿಕಾರವಿಲ್ಲ, ನಾನು ಹೊರಗುತ್ತಿಗೆಯವಳು. ಆದರೂ ಹೇಳಿದೆ, "ಬರೀಬೇಕ್ರಿ. ಇಲ್ಲಂದ್ರ ವಾಪಸ್ ಕಳಸ್ತೀನಿ."

ಆ ಕಡೆಯಿಂದ ನಗು ಕೇಳಿಸಿತು. "ಬರ್ದು ನಿನ್ನೇನ ಟಪಾಲಿಗೆ ಹಾಕೀನ್ರಿ ತಂಗಿ. ನೀವೇನಂತೀರಿ ನೋಡೋಣು ಅಂತ ಸುಮ್ನ ಕೇಳಿದೆ."

ಮರುದಿನ ಲಕೋಟೆ ಬಂತು. ಒಡೆದೆ. ಹಾಳೆ ತೆಗೆದೆ. ಮುಂಬದಿಯಲ್ಲಿ ಏನಿದೆ ಎಂದು ಇನ್ನೂ ನೋಡಿರಲಿಲ್ಲ, ಕೈ ತಾನಾಗಿಯೇ ತಿರುವಿತ್ತು. ಹಿಂಬದಿ ತುಂಬ ಬರೆದಿತ್ತು.